ಎಲಿವೇಟರ್ ಗುಂಡಿಗೆ ಇಳಿಯುವವನ ಜೇಬಿನಲ್ಲಿ ಕೀಲಿ ಇರಲಿ

ಭದ್ರಾ ನಾಲೆ ಬಯಲಿನ ಭತ್ತ ಕೊಯ್ಲಿಗೆ ಬಂತೆಂದರೆ ದಾವಣಗೆರೆ, ಹರಿಹರದ ಅಕ್ಕಿ ಗಿರಣಿಗಳಲ್ಲಿ ಹಗಲು ರಾತ್ರಿ ಎಂಬುದಿಲ್ಲ. ಗೇಟಿನಾಚೆ ಲಾರಿಗಳ ಸಾಲು, ಒಳಗೆ ಎಲ್ಲರಿಗೂ ಅವಸರ. ಮಿಷನ್ ಸುಸೂತ್ರವಾಗಿ ಓಡುವಷ್ಟು ಹೊತ್ತು ಯಾರೂ ಅದರ ಹತ್ತಿರ ಸುಳಿಯುವುದಿಲ್ಲ. ಕಟ್ಟಿಕೊಂಡಾಗಲೇ ಕೈ ಹಾಕುವುದು, ಕೈ ಹೋಗುವುದು.

ಬೆಲ್ಟಿಗೆ ಕಟ್ಟಿದ ಬಕೆಟ್‌ಗಳಲ್ಲಿ ಭತ್ತವನ್ನು ಮೇಲಕ್ಕೆ ಎತ್ತುವ ಬಕೆಟ್ ಎಲಿವೇಟರ್‌ನ್ನೇ ನೋಡಿ. ಅದರ ಬುಡ ನೆಲಮಟ್ಟಕ್ಕಿಂತ ಕೆಳಗೆ, ಇಕ್ಕಟ್ಟಾದ ಗುಂಡಿಯಲ್ಲಿರುತ್ತದೆ. ಬೆಲ್ಟು ಸಡಿಲವಾಗಿ ಜಾರಿದರೆ, ಹಸಿ ಭತ್ತ ಬಂದರೆ, ಗೋಣಿ ದಾರವೋ ಹುಲ್ಲೋ ಸಿಕ್ಕಿಕೊಂಡರೆ ಅಲ್ಲಿ ಕಟ್ಟಿಕೊಳ್ಳುತ್ತದೆ. ತುಂಬಿ ಓಡುತ್ತಿರುವಾಗ ಕರೆಂಟ್ ಹೋದರಂತೂ ಕಟ್ಟಿಕೊಳ್ಳದೆ ಇರುವುದೇ ಕಡಿಮೆ. "ಒಂದ್ ನಿಮಿಷದ ಕೆಲಸ ಐತಿ, ತೆಗೆದು ಬಿಡ್ತೀನಿ" ಅಂತ ಒಬ್ಬ ಇಳಿಯುತ್ತಾನೆ. ಹೆಗಲ ಮೇಲೆ ಟವೆಲ್ಲು, ಸೊಂಟದಲ್ಲಿ ಲುಂಗಿ. ಪುಲ್ಲಿಗೆ ಸಿಕ್ಕುವುದು ಮೊದಲು ಬಟ್ಟೆ, ಆಮೇಲೆ ಮೈ.

ಸರಿಯಾದ ಕ್ರಮ ಹೀಗೆ. ಮೊದಲು ಭತ್ತ ಬೀಳುವ ಗೇಟು ಮುಚ್ಚಬೇಕು, ನಂತರ ಮೋಟರ್ ಆಫ್. ಬಟನ್ ಒತ್ತಿದ ಮಾತ್ರಕ್ಕೆ ಆಗಲಿಲ್ಲ. ಪ್ಯಾನೆಲ್‌ನಲ್ಲಿ ಆ ಮೋಟರಿನ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು, ಸ್ವಿಚ್ಚಿಗೆ ಬೀಗ ಹಾಕಬೇಕು. ಬೀಗದ ಕೀಲಿ ಇಳಿಯುವವನ ಜೇಬಿನಲ್ಲಿರಬೇಕು, ಆಪರೇಟರ್ ಹತ್ತಿರವಲ್ಲ, ಮೇಸ್ತ್ರಿ ಹತ್ತಿರವೂ ಅಲ್ಲ. ಇಬ್ಬರು ಇಳಿದರೆ ಎರಡು ಬೀಗ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ, ಮೋಟರ್ ತಿರುಗುವುದಿಲ್ಲ ಎಂದು ಕಣ್ಣಾರೆ ನೋಡಿಯೇ ಇಳಿಯಬೇಕು. ಬೇರೆ ಮೋಟರಿನ ಸ್ವಿಚ್ ಇಳಿಸಿ ಮೋಸ ಹೋಗುವುದು ಈ ಪರೀಕ್ಷೆಯಲ್ಲೇ ಗೊತ್ತಾಗುವುದು.

ಕರೆಂಟ್ ಕಡಿದ ಮೇಲೂ ಅಪಾಯ ಉಳಿದಿರುತ್ತದೆ. ನಲವತ್ತು ಅಡಿ ಎತ್ತರದ ಎಲಿವೇಟರ್, ಎಂಟು ಇಂಚಿಗೊಂದು ಬಕೆಟ್, ಬಕೆಟ್ಟಿಗೆ ಒಂದು ಕಿಲೋ ಭತ್ತ ಅಂದುಕೊಳ್ಳಿ. ಏರುವ ಬದಿಯಲ್ಲಿ ಅರವತ್ತು ಕಿಲೋ ತೂಗುತ್ತಿರುತ್ತದೆ, ಇಳಿಯುವ ಬದಿ ಖಾಲಿ. ಬುಡದಲ್ಲಿ ಕಟ್ಟಿದ್ದನ್ನು ಬಿಡಿಸಿದ ಕೂಡಲೇ ಆ ಭಾರಕ್ಕೆ ಇಡೀ ಬೆಲ್ಟು ಹಿಂದಕ್ಕೆ ಓಡುತ್ತದೆ. ಮೇಲಿನ ಪುಲ್ಲಿಗೆ ಹಿಂದೆ ತಿರುಗದಂತೆ ತಡೆ ಇರಲೇಬೇಕು. ಇಲ್ಲವಾದರೆ ಬೆಲ್ಟನ್ನು ಸರಪಳಿಯಿಂದ ಬಿಗಿದು ನಿಲ್ಲಿಸಿಯೇ ಬುಡದ ಬಾಗಿಲು ತೆಗೆಯಬೇಕು. ಕೆದಕುವುದಕ್ಕೆ ಉದ್ದ ಹಿಡಿಯ ಕೊಕ್ಕೆ ಬೇಕು, ಬರಿಗೈ ಬೇಡ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಹೊಲದ ಪಂಪ್‌ಸೆಟ್ಟಿಗೆ ಹಾಕುವ ಆಟೋ ಸ್ಟಾರ್ಟರ್ ಗಿರಣಿ ಮೋಟರಿಗೆ ಬೇಡವೇ ಬೇಡ. ಮಾಮೂಲಿ ಸ್ಟಾರ್ಟರ್ ಕರೆಂಟ್ ಹೋದಾಗ ಬಿಟ್ಟುಕೊಳ್ಳುತ್ತದೆ, ಮತ್ತೆ ಯಾರಾದರೂ ಬಟನ್ ಒತ್ತಿದರೇ ಮೋಟರ್ ತಿರುಗುವುದು. ಆಟೋ ಇದ್ದರೆ, ಅಥವಾ ಸ್ಟಾರ್ಟರ್‌ಗೆ ಕಡ್ಡಿ ಸಿಕ್ಕಿಸಿ ಕೂರಿಸಿದ್ದರೆ, ಕರೆಂಟ್ ಬಂದೊಡನೆ ತಾನೇ ತಿರುಗುತ್ತದೆ. ಕರೆಂಟ್ ಇಲ್ಲದ ಹೊತ್ತಿನಲ್ಲೇ ಅಲ್ಲವೇ ಜನ ಗುಂಡಿಗೆ ಇಳಿಯುವುದು?

ಭತ್ತ ತುಂಬಿಡುವ ದೊಡ್ಡ ಬಿನ್ನಿನದು ಬೇರೆ ಕಥೆ. ಮೇಲ್ಪದರ ತೇವಕ್ಕೆ ಗಟ್ಟಿಯಾಗಿ, ಅಡಿಯಲ್ಲಿ ಪೊಳ್ಳಾಗಿರುತ್ತದೆ. ಮೇಲೆ ನಿಂತವನ ಭಾರಕ್ಕೆ ಕುಸಿಯುತ್ತದೆ. ಕೆಳಗಿನ ಗೇಟು ತೆರೆದು ಭತ್ತ ಹರಿಯುತ್ತಿದ್ದರೆ ಅರ್ಧ ನಿಮಿಷದೊಳಗೆ ಆಳು ಪೂರ್ತಿ ಮುಳುಗಬಹುದು. ಗೇಟಿಗೆ ಬೀಗ, ಮೈಗೆ ಸುರಕ್ಷತಾ ಬೆಲ್ಟು, ಮೇಲೆ ಹಗ್ಗ ಹಿಡಿದ ಇನ್ನೊಬ್ಬ, ಈ ಮೂರೂ ಇಲ್ಲದೆ ಯಾರೂ ಇಳಿಯಬಾರದು. ಸೊಂಟದವರೆಗೆ ಹೂತವನನ್ನು ಹಗ್ಗ ಹಾಕಿ ಎಳೆಯಬೇಡಿ, ಭತ್ತದ ಹಿಡಿತಕ್ಕೆ ಮೈಗೇ ಪೆಟ್ಟಾಗುತ್ತದೆ. ಸುತ್ತಲೂ ತಗಡನ್ನೋ ಹಲಗೆಯನ್ನೋ ಇಳಿಸಿ, ಒಳಗಿನ ಭತ್ತವನ್ನು ಮೊಗೆದು ಹೊರಹಾಕಬೇಕು.

ಗೋದಾಮಿಗೆ ಹುಳ ಸಾಯಿಸುವ ಮಾತ್ರೆ ಇಟ್ಟಾಗ ಅಲ್ಲಿ ಯಾರೂ ಮಲಗಬಾರದು, ಗೋಡೆಗೆ ಹೊಂದಿದ ಕೋಣೆಯಲ್ಲೂ ಮಲಗಬಾರದು. ಸುಗ್ಗಿಯಲ್ಲಿ ಹಮಾಲರು ಚೀಲದ ಮೇಲೇ ನಿದ್ದೆ ಹೋಗುತ್ತಾರೆ, ಅದಕ್ಕೇ ಹೇಳುತ್ತಿರುವುದು. ಮೂರು ಗ್ರಾಮಿನ ಒಂದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವಕ್ಕೆ ಒಂದು ಗ್ರಾಂ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಕೆಲಸದ ಪಾಳಿಯಲ್ಲಿ ಆ ಅನಿಲದ ಮಿತಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 0.3 ಭಾಗ ಮಾತ್ರ. ವಾಸನೆ ಬರುತ್ತಿಲ್ಲವಲ್ಲ ಎಂದು ಮೂಗನ್ನು ನಂಬುವ ಹಾಗಿಲ್ಲ, ಪ್ರತಿವಿಷವೂ ಇಲ್ಲ. ಇದು ತರಬೇತಾದ ಪರವಾನಗಿದಾರರು ಮಾಡಬೇಕಾದ ಕೆಲಸ, ವಾಚ್‌ಮನ್ ಕೈಗೆ ಡಬ್ಬಿ ಕೊಟ್ಟು ಮುಗಿಸುವಂಥದ್ದಲ್ಲ. ಬಾಯ್ಲರ್ ಹಿಂದಿನ ಹೊಟ್ಟಿನ ಬೂದಿ ಗುಡ್ಡೆಗೂ ಬೇಲಿ ಹಾಕಿ. ಮೇಲೆ ತಣ್ಣಗೆ ಕಂಡರೂ ಒಳಗೆ ದಿನಗಟ್ಟಲೆ ಕೆಂಡವಿರುತ್ತದೆ.

ಹೊಣೆ ಯಾರದು? 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಬಂದಿದೆ. ಅಪಾಯವಿಲ್ಲದ ಕೆಲಸದ ಜಾಗ, ನೇಮಕಾತಿ ಪತ್ರ, ಇವು ಮಾಲೀಕರ ಕರ್ತವ್ಯ. ಸುರಕ್ಷತೆಗಾಗಿ ಮಾಡಿದ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ, ಅಂದರೆ ಬೂಟು, ಮಾಸ್ಕಿನ ದುಡ್ಡನ್ನು ಕೂಲಿಯಲ್ಲಿ ಮುರಿದುಕೊಳ್ಳುವುದು ತಪ್ಪು. ಕೆಲಸಗಾರನಿಗೂ ಕರ್ತವ್ಯವಿದೆ: ತನ್ನ ಮತ್ತು ಜೊತೆಯವರ ಜೀವದ ಬಗ್ಗೆ ಎಚ್ಚರ, ಮಿಷನ್ನಿನ ಗಾರ್ಡು (ರಕ್ಷಣಾ ಮುಚ್ಚಳ) ಬಿಚ್ಚಿ ಬದಿಗಿಡದಿರುವುದು, ಅಪಾಯ ಕಂಡರೆ ತಿಳಿಸುವುದು. "ಸಾವ್ಕಾರ್ರೆ, ಬೆಲ್ಟು ಜಾರ್ತಾ ಐತಿ, ನಿಲ್ಲಿಸ್ಬೇಕು" ಎಂದವನಿಗೆ ಬೈಗುಳ ಸಿಕ್ಕರೆ ಆ ಕರ್ತವ್ಯ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ನಿಲ್ಲಿಸುವ ಅಧಿಕಾರವನ್ನು ಮಾಲೀಕರೇ ಬಾಯಿಬಿಟ್ಟು, ಎಲ್ಲರೆದುರು ಕೊಡಬೇಕು. ಗಂಟೆ ಲೆಕ್ಕದಲ್ಲಿ ನಷ್ಟವಾದರೂ ಸರಿ.

ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರಬೇಕು. ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿ ಕೂತರೆ ಕೂಲಿಯ ಶೇ 90ರಷ್ಟು ಅದರಿಂದ ಬರುತ್ತದೆ, ಆಸ್ಪತ್ರೆಯೂ ದಾವಣಗೆರೆಯಲ್ಲೇ ಇದೆ. ಕೆಲಸಕ್ಕೆ ಸೇರಿದ ದಿನವೇ ಹೆಸರು ನೋಂದಾಯಿಸಿ, ವಿಮೆಯ ನಂಬರನ್ನು ಕೆಲಸಗಾರನ ಫೋನಿಗೆ ಕಳಿಸಿಬಿಡಿ. ಸುಗ್ಗಿ ಹಮಾಲರನ್ನು ಕರೆತರುವ ಮೇಸ್ತ್ರಿಯ ಪಟ್ಟಿಯಲ್ಲಿರುವ ಹೆಸರುಗಳನ್ನೂ ಬಿಡಬೇಡಿ.