ಕಟಪಾಡಿಯಿಂದ ದುಬೈಗೆ ಒಂದು ಹಿಂದಿ ಪಾಠ

ದುಬೈಯಲ್ಲಿ ವಾಹನ ಓಡಿಸುವ ಲೈಸೆನ್ಸ್ ಬೇಕಾದರೆ ಮೊದಲು ಕಂಪ್ಯೂಟರ್ ಎದುರು ಕುಳಿತು ಥಿಯರಿ ಪರೀಕ್ಷೆ ಪಾಸಾಗಬೇಕು. ಯಾವ ಭಾಷೆಯಲ್ಲಿ ಎಂದು ಮೊದಲೇ ಹೇಳಬೇಕು. ಬಹುಕಾಲ ಅಲ್ಲಿ ಇದ್ದದ್ದು ಅರಬಿ, ಇಂಗ್ಲಿಷ್, ಉರ್ದುವಿನಂಥ ಕೆಲವೇ ಭಾಷೆಗಳು. 2015ರಲ್ಲಿ ಅಲ್ಲಿನ ಸಾರಿಗೆ ಪ್ರಾಧಿಕಾರ, ನಮ್ಮ ಹುಡುಗರು ಆರ್‌ಟಿಎ ಎನ್ನುವುದು ಅದನ್ನೇ, ಹಿಂದಿ, ಮಲಯಾಳಂ, ತಮಿಳು, ಬಂಗಾಳಿ, ಚೀನಿ, ರಷ್ಯನ್, ಪರ್ಷಿಯನ್ ಭಾಷೆಗಳನ್ನೂ ಸೇರಿಸಿತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಮನೆಮಾತು ತುಳುವನ್ನು ಅಲ್ಲಿ ಹುಡುಕುವ ಪ್ರಶ್ನೆಯೇ ಇಲ್ಲ.

ಇದೆಲ್ಲ ನನಗೆ ತಿಳಿದದ್ದು ಕಳೆದ ಮಳೆಗಾಲದಲ್ಲಿ, ಉಡುಪಿ ಹತ್ತಿರದ ನಮ್ಮ ಕಟಪಾಡಿಯಲ್ಲಿ, ನೆರೆಮನೆಯ ಹುಡುಗನಿಂದ. ಹುಡುಗ ಎನ್ನುವುದು ನನ್ನ ಬಾಯಿಯ ಅಭ್ಯಾಸ. ಅವನಿಗೆ ಮೂವತ್ತು ದಾಟಿದೆ. ಹೈಸ್ಕೂಲಿನಲ್ಲಿ ನನ್ನ ಹತ್ತಿರ ಹಿಂದಿ ಕಲಿತವನು. ಆಮೇಲೆ ಮಲ್ಪೆ ಬಂದರಿನಿಂದ ಮೀನಿನ ಟೆಂಪೊ ಓಡಿಸುತ್ತಿದ್ದ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಟೆಂಪೊದವರಿಗೂ ಕೆಲಸ ಇಲ್ಲ. ಪ್ರತಿ ವರ್ಷ ಅದೇ ಎರಡು ತಿಂಗಳಲ್ಲಿ ಸಾಲ ಬೆಳೆಯುತ್ತದೆ. ಹಾಗಾಗಿ ದುಬೈಗೆ ಹೆಲ್ಪರ್ ಕೆಲಸಕ್ಕೆ ಹೋದ. ಲೈಸೆನ್ಸ್ ಮಾಡಿಕೊಂಡರೆ ಡ್ರೈವರ್ ಕೆಲಸ ಕೊಡುತ್ತೇವೆ, ಸಂಬಳ ಹೆಚ್ಚು ಎಂದು ಕಂಪನಿಯವರು ಹೇಳಿದ್ದರು.

ಭಾರತದ ಲೈಸೆನ್ಸ್ ತೋರಿಸಿ ಅಲ್ಲಿಯದನ್ನು ಹಾಗೇ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಊರಿನ ಲೈಸೆನ್ಸ್ ಹಳೆಯದಾಗಿದ್ದರೆ ತರಬೇತಿಯ ಗಂಟೆ ಕಡಿಮೆಯಾಗುತ್ತದೆ, ಅಷ್ಟೆ. ಕಣ್ಣಿನ ಪರೀಕ್ಷೆ, ಫೈಲ್ ಓಪನ್, ಥಿಯರಿ ಕ್ಲಾಸು, ಥಿಯರಿ ಪರೀಕ್ಷೆ, ಪಾರ್ಕಿಂಗ್, ಕೊನೆಗೆ ರೋಡ್ ಟೆಸ್ಟ್. ಎಲ್ಲ ಸೇರಿ ಹಲವು ಸಾವಿರ ದಿರ್ಹಮ್ ಖರ್ಚು. ಫೇಲಾದರೆ ಮತ್ತೆ ಹಣ ಕಟ್ಟಿ ಮತ್ತೆ ತಾರೀಖು ತೆಗೆದುಕೊಳ್ಳಬೇಕು. ಇವನು ಹಿಂದಿ ಆರಿಸಿಕೊಂಡು ಕುಳಿತು ಫೇಲಾಗಿದ್ದ.

ಅವನ ಅಮ್ಮ ಕೊಡೆ ಮಡಚಿ ಜಗಲಿಗೆ ಬಂದವರು ನೇರ ವಿಷಯಕ್ಕೇ ಬಂದರು. "ಟೀಚರ್, ಅವನಿಗೆ ಹಿಂದಿಯಲ್ಲಿ ಪರೀಕ್ಷೆಯಂತೆ. ನೀವೇ ಕಲಿಸಿದ್ದಲ್ವಾ, ಒಮ್ಮೆ ಮಾತಾಡ್ತೀರಾ?"

ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಲ್ಲಿಂದ ವಾಟ್ಸ್ಆ್ಯಪ್‌ನಲ್ಲಿ ಕರೆ ಮಾಡಲು ಬರುವುದಿಲ್ಲ. ಆದರೆ ಸಂದೇಶ, ಫೋಟೊ, ದನಿ ಕಳಿಸಬಹುದು. ಅವನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವನು ಕೆಲಸ ಮುಗಿಸಿ, ಅನ್ನ ಬೇಯಿಸಿ ಊಟ ಮಾಡಿ ಕೂರುವಾಗ ನಮ್ಮಲ್ಲಿ ಹತ್ತೂವರೆ. ಮೊದಲ ದಿನ ಅವನು ಹಿಂದಿ ಕೈಪಿಡಿಯ ಪುಟಗಳನ್ನು ಫೋಟೊ ತೆಗೆದು ಕಳಿಸಿದ. ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದೆ. ನಿಷೇಧ, ಸಂಕೇತ, ಗತಿ, ಸೀಮಾ. ಇವೆಲ್ಲ ಕನ್ನಡದವನಿಗೆ ಹೊಸ ಮಾತುಗಳೇ ಅಲ್ಲ. "ಇದರಲ್ಲಿ ನಿನಗೆ ಎಂತ ಕಷ್ಟ ಆದದ್ದು?" ಎಂದು ದನಿ ಕಳಿಸಿದೆ. "ಟೀಚರ್, ಕೇಳಿದ್ರೆ ಅರ್ಥ ಆಗ್ತದೆ. ಓದ್ಲಿಕ್ಕೆ ಹೋದ್ರೆ ಮೊದಲ ಸಾಲಲ್ಲೇ ನಿಂತುಬಿಡ್ತೇನೆ" ಎಂದ.

ಅವನ ಉತ್ತರ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ನಮ್ಮ ಶಾಲೆಗಳಲ್ಲಿ ಹಿಂದಿ ತೃತೀಯ ಭಾಷೆ, ಆರನೆಯ ತರಗತಿಯಿಂದ ಹತ್ತರವರೆಗೆ. ಮಕ್ಕಳು ದೋಹೆ ಬಾಯಿಪಾಠ ಮಾಡುತ್ತಾರೆ, ರಜಾ ಅರ್ಜಿ ಬರೆಯುತ್ತಾರೆ, ಲಿಂಗ ವಚನ ಬದಲಾಯಿಸುತ್ತಾರೆ. ಆಸಕ್ತಿ ಇದ್ದ ಕೆಲವರು ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆಗಳನ್ನೂ ಕಟ್ಟುತ್ತಾರೆ. ಗಾಂಧೀಜಿ 1918ರಲ್ಲಿ ಆ ಸಭೆಯ ಕೆಲಸವನ್ನು ಮದರಾಸಿನಲ್ಲಿ ಆರಂಭಿಸಿದಾಗ, ಕರಾವಳಿಯ ಹುಡುಗನೊಬ್ಬ ಮರಳುಗಾಡಿನ ದೇಶದಲ್ಲಿ ಹಿಂದಿಯಲ್ಲಿ ರಸ್ತೆ ನಿಯಮ ಓದಬೇಕಾಗಿ ಬರುತ್ತದೆ ಎಂದು ಯಾರೂ ಯೋಚಿಸಿರಲಾರರು. ಬರೆದದ್ದನ್ನು ಬೇಗ ಓದಿ, ಕೊಟ್ಟ ಉತ್ತರಗಳಲ್ಲಿ ಒಂದನ್ನು ಹೆಕ್ಕುವ ಅಭ್ಯಾಸ ಬೇರೆಯೇ. ಅದಕ್ಕೆ ದಿನವೂ ಓದುವ ಭಾಷೆ ಬೇಕು. ಇವನು ದಿನವೂ ಓದುತ್ತಿದ್ದದ್ದು ಕನ್ನಡ ಪೇಪರ್.

ಮಲಯಾಳಂ ಆರಿಸಬಹುದಿತ್ತಲ್ಲ ಎಂದು ಕೇಳಿದೆ. ಬಂದರಿನಲ್ಲಿ ಕೇರಳದವರ ಜೊತೆ ಮಾತಾಡಿ ಮಾತಾಡಿ ಅವನಿಗೆ ಮಲಯಾಳಂ ಚೆನ್ನಾಗಿಯೇ ಬರುತ್ತದೆ. ಲಿಪಿ ಬರುವುದಿಲ್ಲ.

ಆಗ ನನ್ನ ತಮ್ಮ ನೆನಪಾದ. ಅವನು ದುಬೈಗೆ ಹೋದದ್ದು ಹಿಂದಿ ಪಟ್ಟಿಗೆ ಸೇರುವ ಮೊದಲು. ನಮ್ಮ ಕಡೆಯ ಎಷ್ಟೋ ಜನರಂತೆ ಮೊದಲು ಮುಂಬೈ, ಆಮೇಲೆ ಗಲ್ಫ್. ಮುಂಬೈಯಲ್ಲಿ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಕಲಿತ ಹಿಂದಿ ಅವನದು, ನನ್ನ ಹಾಗೆ ಪುಸ್ತಕದ್ದಲ್ಲ. ಅವನು ಉರ್ದು ಆರಿಸಿಕೊಂಡ. ಉರ್ದುವಿನ ಒಂದಕ್ಷರ ಓದಲು ಬಾರದವನು, ಹೆಡ್‌ಫೋನ್‌ನಲ್ಲಿ ಪ್ರಶ್ನೆ ಕೇಳಿ, ಚಿತ್ರ ನೋಡಿ ಉತ್ತರ ಒತ್ತಿ ಪಾಸಾದ. ಮಾತಾಡುವಾಗ ಹಿಂದಿಯೂ ಉರ್ದುವೂ ಎಷ್ಟು ಹತ್ತಿರ ಎನ್ನುವುದನ್ನು ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ನನ್ನ ತಮ್ಮ ಅದನ್ನು ಪರೀಕ್ಷೆ ಬರೆದೇ ತೋರಿಸಿದ್ದ. ಫೋನ್ ಮಾಡಿ ಕೇಳಿದರೆ ಅವನು ಹೇಳಿದ್ದು ಇಷ್ಟೇ: "ಅಕ್ಕಾ, ಓದ್ಲಿಕ್ಕೆ ಹೋಗ್ಬೇಡ ಅಂತ ಹೇಳು ಅವನಿಗೆ. ಕಿವಿಯಲ್ಲಿ ಕೇಳ್ಬೇಕು."

ಅಂದಿನಿಂದ ನಮ್ಮ ಪಾಠದ ಕ್ರಮ ಬದಲಾಯಿತು. ನಾನು ಒಂದು ಪುಟದ ಹಿಂದಿಯನ್ನು ಜೋರಾಗಿ ಓದುವುದು. ಅದರ ಹಿಂದೆಯೇ ಆ ನಿಯಮ ಯಾಕೆ ಇದೆ ಎಂದು ತುಳುವಿನಲ್ಲಿ ಹೇಳುವುದು. ಮತ್ತೊಮ್ಮೆ ಹಿಂದಿ. ಒಂದೊಂದು ಫಲಕಕ್ಕೆ ಒಂದೊಂದು ಸಣ್ಣ ದನಿ ಸಂದೇಶ. ಅವನು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕೇಳುತ್ತಿದ್ದ.

ಅತಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ವೃತ್ತ, ಹಿಂದಿಯಲ್ಲಿ ಗೋಲ್ ಚಕ್ಕರ್. ಉಡುಪಿಯ ಬ್ರಹ್ಮಗಿರಿ ಸರ್ಕಲ್ ನೆನಪು ಮಾಡಿಕೋ ಎಂದೆ. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು, ಸರ್ಕಲನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತೇವೆ, ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು. ದುಬೈಯಲ್ಲಿ ವಾಹನ ಬಲಬದಿಯಲ್ಲಿ, ಸ್ಟಿಯರಿಂಗ್ ಎಡಕ್ಕೆ, ಸುತ್ತುವುದು ಮುಳ್ಳಿಗೆ ವಿರುದ್ಧವಾಗಿ, ದಾರಿ ಬಿಡಬೇಕಾದದ್ದು ಎಡಗಡೆಯಿಂದ ಬರುವವನಿಗೆ. ಬಾಯಲ್ಲಿ ಹೇಳಿದರೆ ಅವನಿಗೆ ತಲೆಗೆ ಹೋಗಲಿಲ್ಲ. ಹತ್ತಾರು ವರ್ಷ ಟೆಂಪೊ ಓಡಿಸಿದ ಕೈ ಕಾಲು ಬೇರೆ ಹೇಳುತ್ತಿದ್ದವು. ಕೊನೆಗೆ ದೊಡ್ಡ ಕಾಗದದಲ್ಲಿ ಬ್ರಹ್ಮಗಿರಿ ಸರ್ಕಲ್ ಬರೆದು, ಬಾಣ ಹಾಕಿ, ಗೋದ್ರೆಜ್ ಕಪಾಟಿನ ಕನ್ನಡಿಯ ಎದುರು ಹಿಡಿದು, ಕನ್ನಡಿಯೊಳಗಿನ ಚಿತ್ರದ ಫೋಟೊ ತೆಗೆದು ಕಳಿಸಿದೆ. ಹತ್ತು ನಿಮಿಷದಲ್ಲಿ ಅವನ ದನಿ ಬಂತು. "ಟೀಚರ್, ಈಗ ಆಯ್ತು. ಈಗ ಆಯ್ತು!" ಅಷ್ಟು ವರ್ಷ ತರಗತಿಯಲ್ಲಿ ಪಾಠ ಮಾಡಿದ ನನಗೆ ಆ ಎರಡು ಮಾತು ಕೇಳಿ ಆದ ಸಂತೋಷ ಸಣ್ಣದಲ್ಲ.

ಆದರೆ ಭಾಷೆಯ ಆಚೆಗೆ ಇನ್ನೊಂದು ತೊಡಕು ಇತ್ತು. ಅದು ಗೊತ್ತಾದದ್ದು ನಾನೇ ಪ್ರಶ್ನೆ ಕೇಳತೊಡಗಿದಾಗ. ಜೀಬ್ರಾ ಗೆರೆಯ ಮೇಲೆ ಒಬ್ಬ ಕಾಲಿಟ್ಟಿದ್ದಾನೆ, ನೀನು ಏನು ಮಾಡುತ್ತೀ? "ಹಾರ್ನ್ ಹಾಕಿ ನಿಧಾನ ಮಾಡ್ತೇನೆ." ಹಿಂದಿ ಪೂರ್ತಿ ಅರ್ಥವಾಗಿತ್ತು. ಉತ್ತರ ಮಾತ್ರ ನಮ್ಮ ಊರಿನದು. ನಿಲ್ಲಿಸಬೇಕು ಎನ್ನುವುದು ಅವನ ಮನಸ್ಸಿಗೆ ಬರಲೇ ಇಲ್ಲ, ಯಾಕೆಂದರೆ ನಮ್ಮ ರಸ್ತೆಯಲ್ಲಿ ಯಾರೂ ನಿಲ್ಲಿಸುವುದಿಲ್ಲ. ಮುಂದಿನ ವಾಹನಕ್ಕೂ ನಮಗೂ ಎಷ್ಟು ಅಂತರ? "ಜಾಗ ಬಿಟ್ರೆ ಮತ್ತೊಬ್ಬ ನುಗ್ತಾನಲ್ಲ ಟೀಚರ್." ಎರಡು ಸೆಕೆಂಡಿನ ಅಂತರ ಎಂದು ಹೇಳಿಕೊಟ್ಟೆ: ಮುಂದಿನವನು ಒಂದು ಕಂಬ ದಾಟಿದ ಮೇಲೆ ಎರಡು ಸೆಕೆಂಡ್ ಕಳೆದೇ ನೀನು ಆ ಕಂಬ ದಾಟಬೇಕು.

ಅಲ್ಲಿ ತಪ್ಪಿಗೆ ದಂಡದ ಜೊತೆ ಕಪ್ಪು ಅಂಕವೂ ಉಂಟು. ಸೀಟ್ ಬೆಲ್ಟ್ ಹಾಕದಿದ್ದರೆ 400 ದಿರ್ಹಮ್, 4 ಅಂಕ. ಕೆಂಪು ದೀಪ ದಾಟಿದರೆ 12 ಅಂಕ. ಒಟ್ಟು 24 ತುಂಬಿದರೆ ಲೈಸೆನ್ಸೇ ಹೋಗುತ್ತದೆ. ಇದನ್ನೆಲ್ಲ ಅವನು ಬೇಗ ಬಾಯಿಪಾಠ ಮಾಡಿದ. ಹಣದ ಲೆಕ್ಕ ಯಾವ ಭಾಷೆಯಲ್ಲೂ ತಲೆಯಲ್ಲಿ ನಿಲ್ಲುತ್ತದೆ.

ಶಾಲಾ ಬಸ್ಸಿನ ನಿಯಮ ಬಂದಾಗ ನಾನೇ ಪಾಠ ನಿಲ್ಲಿಸಿ ಕುಳಿತೆ. ಬಸ್ಸು ನಿಂತು ಅದರ ಬದಿಯ ಸ್ಟಾಪ್ ಫಲಕ ಹೊರಗೆ ಬಂದರೆ ಉಳಿದವರು ಕನಿಷ್ಠ 5 ಮೀಟರ್ ದೂರದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ 1000 ದಿರ್ಹಮ್, 10 ಕಪ್ಪು ಅಂಕ. ಸಂಜೆ ಶಾಲೆ ಬಿಟ್ಟ ಮೇಲೆ ಹೆದ್ದಾರಿ 66ರ ಬದಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು, ಒಂದು ಕೈ ಮುಂದೆ ಚಾಚಿ ದಾರಿ ಬೇಡಿದವಳು ನಾನು. ಎಕ್ಸ್‌ಪ್ರೆಸ್ ಬಸ್ಸುಗಳು ಹಾರ್ನ್ ಹಾಕಿಕೊಂಡೇ ಹೋಗುತ್ತಿದ್ದವು. ನನ್ನ ಹಿಂದೆ ಸೆರಗು ಹಿಡಿದು ನಿಂತ ಸಣ್ಣ ಹುಡುಗಿಯರು ಬೆಚ್ಚುತ್ತಿದ್ದರು. ಒಂದು ಫಲಕ ಚಾಚಿದ ಮಾತ್ರಕ್ಕೆ ಎಲ್ಲರೂ ನಿಲ್ಲುವ ರಸ್ತೆ ಈ ಭೂಮಿಯ ಮೇಲೆ ಇದೆ, ಮತ್ತು ಅಲ್ಲಿ ನಿಲ್ಲುವವರಲ್ಲಿ ನಮ್ಮ ಊರಿನ ಡ್ರೈವರುಗಳೂ ಇದ್ದಾರೆ. ಅವರೇ ರಜೆಗೆ ಬಂದಾಗ ಇಲ್ಲಿ ಯಾಕೆ ನಿಲ್ಲಿಸುವುದಿಲ್ಲ? ಇದನ್ನು ಅವನಿಗೂ ಕೇಳಿದೆ. ಅವನು ಬಹಳ ಹೊತ್ತಿನ ಮೇಲೆ ಬರೆದ: "ಇಲ್ಲಿ ಹಿಂದಿನವನೂ ನಿಲ್ಲಿಸ್ತಾನೆ ಅಂತ ಗೊತ್ತುಂಟು ಟೀಚರ್. ಅಲ್ಲಿ ನಾನು ನಿಲ್ಲಿಸಿದ್ರೆ ಹಿಂದಿನವ ಬಂದು ಗುದ್ದುತ್ತಾನೆ." ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಅವನಿಗೆ ಮೊದಲೇ ಬರುತ್ತಿದ್ದ ಒಂದು ಉತ್ತರವೂ ಇತ್ತು. ಆಂಬುಲೆನ್ಸ್ ಹಿಂದಿನಿಂದ ಬಂದರೆ? ಪ್ರಶ್ನೆ ಮುಗಿಯುವ ಮೊದಲೇ ಹೇಳಿದ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕಾಸರಗೋಡಿನಿಂದ, ಕಾರವಾರದಿಂದ, ಘಟ್ಟದ ಮೇಲಿನಿಂದ ರೋಗಿಗಳು ಬರುವ ದಾರಿ ಅದು. ಅಲ್ಲಿ ಸೈರನ್ ಕೇಳಿದರೆ ರಿಕ್ಷಾದವನೂ ಚರಂಡಿಯ ಅಂಚಿಗೆ ಇಳಿಸುತ್ತಾನೆ. ನಮ್ಮವರಿಗೆ ನಿಯಮ ಪಾಲಿಸುವ ಗುಣವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಾಕೆ ಎಂದು ಅರ್ಥವಾದ ನಿಯಮವನ್ನು ನಮ್ಮವರು ಪಾಲಿಸುತ್ತಾರೆ.

ಆದ್ದರಿಂದಲೇ ನನಗೆ ಕನ್ನಡದ ವಿಷಯ ಮುಖ್ಯ ಎನಿಸುವುದು. ಇಲ್ಲಿ ನಮ್ಮ ಆರ್‌ಟಿಒದಲ್ಲಿ ಎಲ್‌ಎಲ್ ಪರೀಕ್ಷೆಯನ್ನು ಕನ್ನಡದಲ್ಲೇ ಕೊಡಬಹುದು. ಅಲ್ಲಿ ಹಿಂದಿಯೋ ಉರ್ದುವೋ ಗೊತ್ತಿದ್ದರೆ ಪರೀಕ್ಷೆ ದಾಟಬಹುದು, ನಮ್ಮವರು ದಾಟುತ್ತಲೂ ಇದ್ದಾರೆ. ಆದರೆ ಪರೀಕ್ಷೆ ದಾಟುವುದು ಒಂದು, ನಿಯಮ ಮನಸ್ಸಿಗೆ ಹೋಗುವುದು ಇನ್ನೊಂದು. ಇವನಿಗೆ ಜೀಬ್ರಾ ಗೆರೆಯ ನಿಯಮ ಮನಸ್ಸಿಗೆ ಹೋದದ್ದು ತುಳುವಿನಲ್ಲಿ. ಮಲಯಾಳಂ ಮತ್ತು ತಮಿಳಿಗೆ ಸಿಕ್ಕಿದ ಜಾಗ ಕನ್ನಡಕ್ಕೂ ಸಿಗಬೇಕು ಎಂದು ಅಲ್ಲಿರುವ ಕನ್ನಡ ಸಂಘಗಳು ಕೇಳಬೇಕು, ನಮ್ಮ ಸರ್ಕಾರದ ಅನಿವಾಸಿ ಭಾರತೀಯ ಸಮಿತಿಯೂ ಕೇಳಬೇಕು. ಸಿಗುವವರೆಗೆ ಕೈಪಿಡಿಯನ್ನು ಕನ್ನಡದಲ್ಲಿ ಓದಿ ದನಿ ಮಾಡಿ ಇಡಲು ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಚೆನ್ನಾಗಿ ಹಿಂದಿ ಬಲ್ಲ ನಿವೃತ್ತ ಶಿಕ್ಷಕರು ಕರಾವಳಿಯ ಪ್ರತಿ ಊರಿನಲ್ಲೂ ಇದ್ದಾರೆ.

ಪರೀಕ್ಷೆಯ ದಿನ ಆಟಿ ಅಮಾವಾಸ್ಯೆ ಕಳೆದು ಸ್ವಲ್ಪ ದಿನವಾಗಿತ್ತು. ಅವನ ಅಮ್ಮ ಬೆಳಿಗ್ಗೆಯೇ ಪತ್ರೊಡೆ ತಂದುಕೊಟ್ಟು ನಮ್ಮ ಅಡುಗೆಮನೆಯ ಬಾಗಿಲಲ್ಲೇ ಕುಳಿತರು. ಫೋನನ್ನು ಇಬ್ಬರ ನಡುವೆ ಇಟ್ಟುಕೊಂಡಿದ್ದೆವು. ಮಧ್ಯಾಹ್ನ ದಾಟಿದ ಮೇಲೆ ಅವನ ದನಿ ಬಂತು: "ಟೀಚರ್, ಪಾಸ್ ಆಂಡ್!" ಪಾಸಾಯಿತು ಎಂದು. ಅವನ ಅಮ್ಮ ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಸ್ಕೂಲ್ ಬಸ್ಸಿನ ಪ್ರಶ್ನೆ ಬಂದಿತ್ತಂತೆ. ಹೆಡ್‌ಫೋನ್‌ನಲ್ಲಿ ಹಿಂದಿ ಮುಗಿಯುವ ಮೊದಲೇ ಉತ್ತರ ಗೊತ್ತಾಯಿತಂತೆ.

ಪಾರ್ಕಿಂಗ್ ಮತ್ತು ರೋಡ್ ಟೆಸ್ಟ್ ಅವನದೇ ಕೈಯ ಕೆಲಸ, ನನ್ನ ಸಹಾಯ ಬೇಕಾಗಲಿಲ್ಲ. ಈಗ ಒಂದು ಪಿಕಪ್ ಓಡಿಸುತ್ತಿದ್ದಾನೆ.

ನನ್ನ ದನಿ ಸಂದೇಶಗಳು ಮಾತ್ರ ಅವನ ಫೋನಿನಲ್ಲೇ ಉಳಿಯಲಿಲ್ಲ. ಅವನ ಕೋಣೆಯಲ್ಲಿದ್ದ ಕಾಪುವಿನವರಿಗೆ ಹೋದವು, ಅವರಿಂದ ಶಾರ್ಜಾಕ್ಕೆ ಹೋದವು. ಮೊನ್ನೆ ಬೆಳ್ಮಣ್ಣಿನ ಹುಡುಗನೊಬ್ಬ ಗುರುತು ಹೇಳಿಕೊಂಡು ಕೇಳಿದ, "ಟೀಚರ್, ನಾನು ಡೆಲಿವರಿ ಬೈಕಿಗೆ ಸೇರಿದ್ದೇನೆ. ಬೈಕಿನದ್ದು ಮಾಡಿದ್ದೀರಾ?" ಮಾಡಿರಲಿಲ್ಲ. ಬೈಕಿನ ಕೈಪಿಡಿಯ ಹಿಂದಿ ಪುಟಗಳನ್ನು ಕಳಿಸಲು ಹೇಳಿದೆ. ಅರ್ಧ ಬಂದಿವೆ. ಈ ಸಲ ತುಳುವಿನ ಜೊತೆ ಕನ್ನಡದಲ್ಲೂ ಹೇಳುತ್ತಿದ್ದೇನೆ, ಅವನ ಕೋಣೆಯಲ್ಲಿ ರಾಯಚೂರಿನ ಇಬ್ಬರು ಇದ್ದಾರಂತೆ.