ಮೊದಲು ನೆರಳು, ಆಮೇಲೆ ವಲ್ಕನ್

16 ಜೂನ್ 2024, ಭಾನುವಾರ

ಮೂರು ವಾರ ವಲ್ಕನ್ ಹಿಡಿದು ಕೂತಿದ್ದೆ. ಗ್ರಾಫಿಕ್ಸ್ ಚಿಪ್‌ಗೆ ಚಿತ್ರ ಬಿಡಿಸಲು ಹೇಳುವ ಹೊಸ ಕಾಲದ ದಾರಿ ಅದು. ಪರದೆಯ ಮೇಲೆ ಬಂದದ್ದು ಒಂದೇ ಒಂದು ತ್ರಿಕೋನ. ಅದಕ್ಕೆ ಸಾವಿರದ ಹತ್ತಿರ ಸಾಲು ಕೋಡ್! ಅದೇ ಕೆಲಸದ ಹಳೇ ದಾರಿಯಾದ ಓಪನ್‌ಜಿಎಲ್‌ನಲ್ಲಿ ಇದು ಒಂದು ಸಂಜೆಯ ಕೆಲಸ. ಮೆಮೊರಿ ಎಲ್ಲಿಂದ ತರಬೇಕು, ಯಾವ ಕೆಲಸ ಮುಗಿದ ಮೇಲೆ ಯಾವುದು ಶುರುವಾಗಬೇಕು, ಅಲ್ಲಿ ಇದನ್ನೆಲ್ಲ ಡ್ರೈವರ್ (ಚಿಪ್ ನಡೆಸುವ ಸಾಫ್ಟ್‌ವೇರ್) ತಾನೇ ನೋಡಿಕೊಳ್ಳುತ್ತಿತ್ತು. ವಲ್ಕನ್ ಅದನ್ನು ನಮ್ಮ ತಲೆಗೇ ಕಟ್ಟುತ್ತದೆ. ಅನ್ನ ಮಾಡಲು ಬಾರದವನಿಗೆ ಮದುವೆ ಮನೆ ಅಡುಗೆ ಒಪ್ಪಿಸಿದ ಹಾಗಾಗಿತ್ತು ನನ್ನ ಕಥೆ.

ಗೇಮ್ ಕೆಲಸದ ಜಾಹೀರಾತುಗಳಲ್ಲಿ ಡೈರೆಕ್ಟ್‌ಎಕ್ಸ್ 12 (ಮೈಕ್ರೋಸಾಫ್ಟ್‌ನ ಇಂಥದ್ದೇ ದಾರಿ), ವಲ್ಕನ್ ಅಂತ ಓದಿ ಓದಿ ಹೆದರಿದ್ದೆ. ಓಪನ್‌ಜಿಎಲ್ 1992ರದ್ದು, ಅದರ ಕೊನೇ ಆವೃತ್ತಿ 4.6 ಬಂದದ್ದೇ 2017ರಲ್ಲಿ. ಕಲಿತರೆ ದಂಡ ಅಂದುಕೊಂಡಿದ್ದೆ.

ಇವತ್ತು ಬೇಜಾರಾಗಿ ಹಳೇ ಓಪನ್‌ಜಿಎಲ್ ಪ್ರಾಜೆಕ್ಟ್ ತೆರೆದು, ಅದಕ್ಕೆ ನೆರಳು ಸೇರಿಸಿದೆ. ಮೊದಲು ದೀಪದ ಕಡೆಯಿಂದ ನೋಡಿ, ಕಾಣುವ ಜಾಗ ಎಷ್ಟು ದೂರವಿದೆ ಎಂದು ಒಂದು ಟೆಕ್ಸ್ಚರ್‌ನಲ್ಲಿ (ಚೌಕ ಚೌಕವಾಗಿ ಮೆಮೊರಿಯಲ್ಲಿಡುವ ಚಿತ್ರ) ಬರೆದಿಡಬೇಕು. ಆಮೇಲೆ ಕ್ಯಾಮೆರಾ ಕಡೆಯಿಂದ ಬಿಡಿಸುವಾಗ ಆ ದೂರಕ್ಕೆ ಹೋಲಿಸಬೇಕು, ದೀಪದಿಂದ ಅದಕ್ಕಿಂತ ದೂರವಿದ್ದ ಜಾಗ ನೆರಳು. ಅಷ್ಟೇ. ಆದರೆ ನೆಲದ ತುಂಬ ಕಪ್ಪು ಪಟ್ಟೆ! ಅಕ್ಕ ಇಣುಕಿ, "ಇದೇನೋ, ಜಮಖಾನ ಹಾಸಿದ್ದೀಯಾ?" ಅಂದಳು.

ನೆಲ ತನ್ನ ಮೇಲೇ ತಾನು ನೆರಳು ಹಾಕಿಕೊಳ್ಳುತ್ತಿತ್ತು. ಬಯಾಸ್ (ಆ ಹೋಲಿಕೆಯಲ್ಲಿ ಕೊಡುವ ಸಣ್ಣ ರಿಯಾಯಿತಿ) ಸ್ವಲ್ಪ ಏರಿಸಿದೆ, ಪಟ್ಟೆ ಕಡಿಮೆಯಾಯಿತು. ಇನ್ನೂ ಏರಿಸಿದೆ, ಪೆಟ್ಟಿಗೆಯ ಬುಡದಿಂದ ನೆರಳೇ ಬಿಟ್ಟುಹೋಯಿತು. ಕೊನೆಗೆ ಫ್ರೇಮ್‌ನ ಒಳಗೆ ಏನಾಗಿದೆ ಎಂದು ತೋರಿಸುವ ರೆಂಡರ್‌ಡಾಕ್ ಹಾಕಿ ಆ ಟೆಕ್ಸ್ಚರ್ ನೋಡಿದರೆ, ನನ್ನ ಇಡೀ ಸೀನ್ ಮೂಲೆಯಲ್ಲಿ ಒಂದು ಚುಕ್ಕೆ. ದೀಪದ ಕಡೆಯ ನೋಟದ ಹರವನ್ನು 500 ಮೀಟರ್ ಇಟ್ಟಿದ್ದೆ, ಸೀನ್ ಇರುವುದು 20 ಮೀಟರ್. 2048 ಅಗಲದ ಟೆಕ್ಸ್ಚರ್‌ನಲ್ಲಿ ಒಂದೊಂದು ಚೌಕಕ್ಕೆ ಸುಮಾರು 24 ಸೆಂಟಿಮೀಟರ್ ನೆಲ! ಹರವು ತಗ್ಗಿಸಿದ ಮೇಲೆ ಒಂದೇ ಸೆಂಟಿಮೀಟರ್. ಪಟ್ಟೆ ಹೋಯಿತು.

ವಲ್ಕನ್‌ನಲ್ಲಿ ಬರೆದಿದ್ದರೂ ಇದೇ ತಪ್ಪು ಮಾಡುತ್ತಿದ್ದೆ. ಹುಡುಕಲು ಇನ್ನೊಂದು ವಾರ ಬೇಕಾಗುತ್ತಿತ್ತು, ಅಲ್ವಾ?

ಹಾಗಾಗಿ ನೆರಳು, ಬೆಳಕು, ಶೇಡರ್ (ಚಿಪ್ ಮೇಲೆ ಓಡಿ ಬಣ್ಣ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ) ಮೊದಲು. ಆಮೇಲೆ ಇದೇ ಸೀನ್ ಅನ್ನು ವಲ್ಕನ್‌ಗೆ ಸಾಗಿಸುತ್ತೇನೆ. ಸಿ++ ಭಾಷೆ, ಮ್ಯಾಟ್ರಿಕ್ಸ್ ಗಣಿತ ಎಲ್ಲಿ ಹೋದರೂ ಬೇಕೇ ಬೇಕು. ಬೆಳಕಿನ ಕಿರಣಗಳ ಜಾಡು ಹಿಡಿದು ಚಿತ್ರ ಬಿಡಿಸುವ ರೇ ಟ್ರೇಸಿಂಗ್ ನನ್ನ ಲ್ಯಾಪ್‌ಟಾಪ್‌ಗೆ ಆಗದ ಮಾತು. "ಅನ್‌ರಿಯಲ್ ಇದೆಯಲ್ಲ, ಸುಮ್ನೆ ಯಾಕೆ ಒದ್ದಾಡ್ತೀಯ?" ಅಂತಾನೆ ಗೆಳೆಯ. ಗೇಮ್ ಮಾಡಲು ಆ ಸಿದ್ಧ ಎಂಜಿನ್ ಸಾಕು. ನನಗೆ ಬೇಕಿರುವುದು ಅಂಥ ಎಂಜಿನ್‌ನ ಒಳಗೆ ಕೈಯಿಡುವ ಕೆಲಸ.

ರಾತ್ರಿ ಟೈಮರ್ ಹಾಕಿ ನೋಡಿದೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದಕ್ಕೆ ಸಿಗುವುದು 16.6 ಮಿಲಿಸೆಕೆಂಡ್. ಅದರಲ್ಲಿ ನೆರಳೊಂದೇ 4 ತಿನ್ನುತ್ತಿದೆ. ನಾಲ್ಕು ಪೆಟ್ಟಿಗೆಗೆ ಇದು ಜಾಸ್ತಿಯಾಯಿತು. ನಾಳೆ ಆಫೀಸಿಂದ ಬಂದು ನೋಡಬೇಕು.