ಗೊಂಬೆಗಳ ಕೊಳ

ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳಿಗಿಂತ ಅವುಗಳ ಮುಂದೆ ಮಾಡುವ ಪಾರ್ಕಿನ ಮೇಲೆಯೇ ನನಗೆ ಮೋಹ ಹೆಚ್ಚು. ಮಣ್ಣು ಹರಡಿ ರಾಗಿ ಚೆಲ್ಲಿದರೆ ನಾಲ್ಕೈದು ದಿನಕ್ಕೆ ಹಸಿರು ಹಾಸು. ನಡುವೆ ಒಂದು ಕೊಳ, ಕೊಳದಲ್ಲಿ ಪ್ಲಾಸ್ಟಿಕ್ ಬಾತುಕೋಳಿ. 2024ರ ಮಹಾಲಯ ಅಮಾವಾಸ್ಯೆಯ ದಿನವೇ ಅಗಲ ಬಾಯಿಯ ಬೋಗುಣಿ ಹುದುಗಿಸಿ ಫಿಲ್ಟರ್ ನೀರು ತುಂಬಿದ್ದೆ. ನಲ್ಲಿ ನೀರಾದರೆ ಅಂಚಿಗೆ ಬಿಳಿ ಕಲೆ ಕಟ್ಟುತ್ತದೆಂಬ ಜಾಣತನ ಬೇರೆ.

ಮೈಸೂರಿನಲ್ಲಿ ಆ ಹೊತ್ತಿನ ಹವೆ ಯಾವಾಗಲೂ ಹಾಗೆಯೇ: ಹಗಲು ಸುಡುವ ಬಿಸಿಲು, ಸಂಜೆಗೆ ಹಸ್ತ ಮಳೆ. ‘ವೈದ್ಯಾನಾಂ ಶಾರದೀ ಮಾತಾ’ ಎಂದು ನಮ್ಮ ಮಾವನವರು ಪ್ರತಿ ವರ್ಷ ಹೇಳುತ್ತಾರೆ. ಶರತ್ಕಾಲ ವೈದ್ಯರನ್ನು ಸಾಕುವ ತಾಯಿಯಂತೆ. ನಮ್ಮ ಬೀದಿಯಲ್ಲಿ ಆಗಲೇ ಎರಡು ಮನೆಗಳಲ್ಲಿ ಜ್ವರ. ಹಿಂದಿನ ತಿಂಗಳಷ್ಟೇ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ನಗರದ ಮನೆಗಳಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ 400 ರೂಪಾಯಿ ದಂಡ ಎಂಬುದು ಬಾಯಿಪಾಠವಾಗಿತ್ತು. ಎದುರು ಮನೆಯ ಎಳನೀರು ಚಿಪ್ಪುಗಳ ರಾಶಿಯನ್ನು ತೋರಿಸಿ ಅದನ್ನು ಒಪ್ಪಿಸಿದವಳೂ ನಾನೇ.

ಸರಸ್ವತಿ ಪೂಜೆಯ ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದರು. ಸಂಪು, ತೊಟ್ಟಿ, ಫ್ರಿಜ್ಜಿನ ಹಿಂದಿನ ತಟ್ಟೆ, ಎಲ್ಲವನ್ನೂ ಗತ್ತಿನಿಂದಲೇ ತೋರಿಸಿದೆ. ಹೊರಟವರು ನಡುಮನೆಯ ಬಾಗಿಲಲ್ಲಿ ನಿಂತು, "ಗೊಂಬೆ ನೋಡಬಹುದೇ ಅಕ್ಕಾ?" ಎಂದರು. ರಾಜ ರಾಣಿಗೆ ಕೈ ಮುಗಿದರು. ರಾಗಿ ಪೈರನ್ನು ಬೆರಳಿನಿಂದ ಸವರಿದರು. ಆಮೇಲೆ ಮೊಬೈಲಿನ ಟಾರ್ಚ್ ಹಚ್ಚಿ ಕೊಳದ ಮೇಲೆ ಹಿಡಿದರು.

ಬಾತುಕೋಳಿಯ ನೆರಳಿನಲ್ಲಿ ನೂಲಿನ ತುಣುಕುಗಳಂಥವು ತಲೆಕೆಳಗಾಗಿ ನೇತಾಡುತ್ತಿದ್ದವು. ಬೆಳಕು ಬಿದ್ದದ್ದೇ ತಡ, ಮೈ ಹೊರಳಿಸುತ್ತಾ ಸರಸರನೆ ತಳಕ್ಕಿಳಿದವು. ಒಂದೆರಡಕ್ಕೆ ಆಗಲೇ ತಲೆ ದಪ್ಪವಾಗಿ ಮೈ ಬಾಗಿತ್ತು.

"ಇವು ನಾಳೆ ನಾಡಿದ್ದರಲ್ಲಿ ಹಾರುತ್ತವೆ" ಎಂದರು ಆಕೆ. "ಈ ಸೊಳ್ಳೆಗೆ ಚರಂಡಿ ಬೇಡ ಅಕ್ಕಾ, ನಿಂತ ತಿಳಿನೀರೇ ಬೇಕು. ಏಳೆಂಟು ದಿನ ಸಾಕು."

ಪಾಡ್ಯದಿಂದ ದಶಮಿಯವರೆಗೆ ನಾವು ಗೊಂಬೆ ಕೂರಿಸುತ್ತೇವೆ. ಸೊಳ್ಳೆಯೂ ಅದೇ ಪಂಚಾಂಗ ಹಿಡಿದು ಕೂತಿತ್ತು! ನೀರನ್ನು ಅಂಗಳದ ಬಿಸಿಲಿಗೆ ಚೆಲ್ಲಿಸಿ, ಬೋಗುಣಿಯ ಒಳಬದಿಯನ್ನು ತೆಂಗಿನ ನಾರಿನಿಂದ ಉಜ್ಜಿಸಿದರು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲವಂತೆ. ದಂಡದ ಮಾತನ್ನು ಅವರೂ ಎತ್ತಲಿಲ್ಲ, ನಾನಂತೂ ಎತ್ತಲಿಲ್ಲ.

ಯಾರಿಗೂ ಹೇಳಬಾರದು ಎಂದುಕೊಂಡಿದ್ದೆ. ಆದರೆ ಸಂಜೆ ಬೀದಿಯ ಮಕ್ಕಳೆಲ್ಲ ಗೊಂಬೆ ಬಾಗಿನಕ್ಕೆ ಬಂದು, ಬರಿಗಾಲಿನಲ್ಲಿ, ತೋಳಿಲ್ಲದ ಫ್ರಾಕಿನಲ್ಲಿ, ಅದೇ ಪಾರ್ಕಿನ ಮುಂದೆ ಮಂಡಿಯೂರಿ ಕುಳಿತಾಗ ತಡೆಯಲಾಗಲಿಲ್ಲ. "ಆಂಟಿ, ಕೊಳ ಎಲ್ಲಿ?" ಎಂದಳು ಒಬ್ಬಳು. ಹುಳುಗಳ ಕಥೆಯನ್ನು ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದೆ. ಕೊಬ್ಬರಿ ಮಿಠಾಯಿ ಬಾಯಲ್ಲಿಟ್ಟುಕೊಂಡು ಕೇಳಿದವರು ಮುಂದಿನ ಮನೆಗೆ ಟಾರ್ಚ್ ಸಮೇತ ಹೋದರು. ಹಾಡು ಹೇಳುವ ಮೊದಲು ಕೊಳ ನೋಡುವುದೇ ಅವರಿಗೆ ಆಟವಾಯಿತು. ಇನ್ನೂ ಎರಡು ಮನೆಗಳಲ್ಲಿ ಸಿಕ್ಕಿದವು. ಎಳನೀರು ಚಿಪ್ಪಿನ ಮನೆಯಲ್ಲಿ ಸಿಗಲಿಲ್ಲ, ಅದನ್ನೂ ಬರೆಯಬೇಕು.

ಅರಿಸಿನ ಕುಂಕುಮಕ್ಕೆಂದು ನಾನು ಕೊನೆಗೆ ಹೋದದ್ದು ಬೀದಿಯ ತುದಿಯ ಅಜ್ಜಿಯ ಮನೆಗೆ. ಅಲ್ಲಿ ಪೈರಿನ ನಡುವೆ ಅಂಚು ಮುಕ್ಕಾದ ಹಳೆಯ ಕನ್ನಡಿ ಮಲಗಿತ್ತು. ಅದರ ಮೇಲೆ ಎರಡು ಮಣ್ಣಿನ ಹಂಸ.

"ನೀರು ಹಾಕುವುದಿಲ್ಲವೇ ಅಜ್ಜಿ?"

"ಹಂಸ ಮಣ್ಣಿನದಲ್ಲವೇನೇ, ಕರಗಿ ಹೋಗುತ್ತದೆ" ಎಂದು ನಕ್ಕು, ಕೋಸಂಬರಿಯ ದೊನ್ನೆಯನ್ನು ನನ್ನ ಕೈಗಿಟ್ಟರು.